ಕಾಸರಗೋಡಿನ ಕುಟುಂಬಶ್ರೀ: ಜಗಲಿಯಿಂದ ಪಂಚಾಯತ್‌ವರೆಗೆ

ಕೇರಳದ ಬಡತನ ನಿವಾರಣೆಯ ಯೋಜನೆ ಕುಟುಂಬಶ್ರೀಗೆ 1998ರ ಮೇ 17ರಂದು ಮಲಪ್ಪುರಂನಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಚಾಲನೆ ನೀಡಿದರು. ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆಯಂಥ ಕನ್ನಡ–ತುಳು ಊರುಗಳಲ್ಲೂ ಅದು ಬೇರೂರಿದೆ. ಅದು ಕೊಡಿಸಿದ ಸಾಲಕ್ಕಿಂತ ದೊಡ್ಡದು, ಸಭೆ ನಡೆಸಿ ತೀರ್ಮಾನ ಕೈಗೊಳ್ಳುವ ರೂಢಿಯನ್ನು ಹಳ್ಳಿಯ ಹೆಂಗಸರಲ್ಲಿ ಬೆಳೆಸಿದ್ದು.

ಮೂರು ಹಂತ

ಹತ್ತಿಪ್ಪತ್ತು ಮನೆಗಳಿಂದ ಮನೆಗೊಬ್ಬರಂತೆ ಸೇರಿದರೆ ಒಂದು ಅಯಲ್‌ಕೂಟ. ವಾರ್ಡಿನ ಕೂಟಗಳ ಮೇಲೆ ಎಡಿಎಸ್ (ಏರಿಯಾ ಡೆವಲಪ್‌ಮೆಂಟ್ ಸೊಸೈಟಿ), ಪಂಚಾಯತ್ ಮಟ್ಟದಲ್ಲಿ ಸಿಡಿಎಸ್ (ಕಮ್ಯುನಿಟಿ ಡೆವಲಪ್‌ಮೆಂಟ್ ಸೊಸೈಟಿ). ಪದಾಧಿಕಾರಿಗಳೆಲ್ಲ ಚುನಾಯಿತರೇ.

ವಾರದ ಕೂಟ

ಕೂಟ ಸೇರುವುದು ಸದಸ್ಯೆಯೊಬ್ಬರ ಮನೆಯ ಜಗಲಿಯಲ್ಲಿ. ಒಬ್ಬೊಬ್ಬರೂ ವಾರದ ಉಳಿತಾಯದ ಹಣ ಮುಂದಿಡುತ್ತಾರೆ. ಕಾರ್ಯದರ್ಶಿ ಎಣಿಸಿ, ಪಾಸ್‌ಬುಕ್ಕಿನಲ್ಲಿ ಬರೆದು, ಮಿನಿಟ್ಸ್ ಪುಸ್ತಕಕ್ಕೆ ಸಹಿ ಹಾಕಿಸುತ್ತಾರೆ. ಮಗಳ ಫೀಸಿಗೋ ಆಸ್ಪತ್ರೆ ಖರ್ಚಿಗೋ ಸಾಲ ಕೇಳುವವರಿದ್ದರೆ ಅಲ್ಲೇ ತೀರ್ಮಾನ. ಕಂತು ತಪ್ಪಿಸಿದ ನೆರೆಮನೆಯವಳನ್ನು ನೋಯಿಸದೆ ಹಣ ಕೇಳುವುದು ಸುಲಭದ ಕೆಲಸವಲ್ಲ. ನಾಯಕತ್ವದ ನಿಜವಾದ ತರಬೇತಿ ಅದೇ.

ದುಡಿಮೆ

ಹಪ್ಪಳ, ಉಪ್ಪಿನಕಾಯಿ, ಹೊಲಿಗೆಯ ಘಟಕಗಳು ಎಲ್ಲರಿಗೂ ಗೊತ್ತು. ನಾಲ್ಕರಿಂದ ಹತ್ತು ಮಂದಿ ಸೇರಿ ಗದ್ದೆಯನ್ನು ಗೇಣಿಗೆ ಹಿಡಿದು ಬೇಸಾಯ ಮಾಡುವ ಗುಂಪುಗಳೂ ಇವೆ. 2020ರಲ್ಲಿ ಬಂದ, ಕುಟುಂಬಶ್ರೀ ಸದಸ್ಯೆಯರು ನಡೆಸುವ ಜನಕೀಯ ಹೋಟೆಲುಗಳು ಕೊರೊನಾ ಕಾಲದಲ್ಲಿ 20 ರೂಪಾಯಿಗೆ ಊಟ ಬಡಿಸಿದವು. ಊಟಕ್ಕೆ 10 ರೂಪಾಯಿಯಂತೆ ಸರಕಾರ ಕೊಡುತ್ತಿದ್ದ ಸಬ್ಸಿಡಿ 2023ರಲ್ಲಿ ನಿಂತಿತು. ನಷ್ಟದ ಭಾರವನ್ನು ಅಡುಗೆಮನೆಯಲ್ಲಿ ದುಡಿಯುವವರ ಮೇಲೆ ಬಿಟ್ಟದ್ದು ನ್ಯಾಯವಲ್ಲ. ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸಿ ವಿಂಗಡಿಸುವ ಹರಿತ ಕರ್ಮ ಸೇನೆಯವರೂ ಹೆಚ್ಚಾಗಿ ಕುಟುಂಬಶ್ರೀ ಸದಸ್ಯೆಯರೇ. ಬಿಸಿಲಲ್ಲಿ ಚೀಲ ಹೊತ್ತು ಬರುವ ಅವರಿಗೆ ತಿಂಗಳ ಶುಲ್ಕ ಕೊಡಲು ಗೊಣಗುವ ಮನೆಗಳು ಇನ್ನೂ ಇವೆ.

ಅಧಿಕಾರದ ಕುರ್ಚಿ

1994ರ ಕೇರಳ ಪಂಚಾಯತ್ ರಾಜ್ ಕಾನೂನು ಮಹಿಳೆಯರಿಗೆ ಮೂರನೇ ಒಂದು ಪಾಲು ಸ್ಥಾನ ಮೀಸಲಿಟ್ಟಿತ್ತು. 2010ರ ಚುನಾವಣೆಯಿಂದ ಅದು ಅರ್ಧ ಪಾಲಿಗೆ ಏರಿತು. ಅಯಲ್‌ಕೂಟದಲ್ಲಿ ಲೆಕ್ಕ ಬರೆದು ಪಳಗಿದ ಅನೇಕರು ಅಭ್ಯರ್ಥಿಗಳಾಗಿ ಗೆದ್ದು ಬಂದರು.

ಭಾಷೆಯ ತೊಡಕು

ಸುತ್ತೋಲೆ, ತರಬೇತಿ ಕೈಪಿಡಿಗಳು ಬಹುಪಾಲು ಮಲಯಾಳದಲ್ಲಿ ಬರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ಸಮರ್ಥ ಹೆಂಗಸು ಅಲ್ಲೇ ಎಡವುತ್ತಾಳೆ; ಮಲಯಾಳ ಓದಬಲ್ಲವಳತ್ತ ಹುದ್ದೆ ಜಾರುತ್ತದೆ. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಕನ್ನಡ ಅಲ್ಪಸಂಖ್ಯಾತರಿಗೆ 1969ರ ಕೇರಳ ರಾಜಭಾಷಾ ಕಾನೂನೇ ಅವಕಾಶ ಕೊಟ್ಟಿದೆ. ಕೂಟಗಳಿಗೆ ಬ್ಯಾಂಕು ಕೊಡುವ ಲಿಂಕೇಜ್ ಸಾಲದ ಅರ್ಜಿ ಮತ್ತು ಲೆಕ್ಕ ತಪಾಸಣೆಯ ನಮೂನೆ, ಇವೆರಡು ಮೊದಲು ಕನ್ನಡದಲ್ಲಿ ಸಿಗಬೇಕು.