ಕಚೇರಿಯ ಗಾಳಿ: ತಂಪೊಂದೇ ಸಾಲದು, ತಾಜಾ ಆಗಿರಬೇಕು, ಸದ್ದಿಲ್ಲದೆ ಬರಬೇಕು

ವಾಣಿಜ್ಯ ಕಟ್ಟಡಗಳಲ್ಲಿ ದುಡಿಯುವವರ ದೂರುಗಳು ಬಹುತೇಕ ಒಂದೇ ತೆರನಾಗಿರುತ್ತವೆ. ಒಬ್ಬರಿಗೆ ಕುತ್ತಿಗೆಯ ಮೇಲೆ ಸದಾ ತಣ್ಣನೆಯ ಗಾಳಿ. ಎರಡು ಮೇಜುಗಳಾಚೆ ಕುಳಿತವರಿಗೆ ಸೆಕೆ. ಸಭಾ ಕೊಠಡಿಯಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ತೂಕಡಿಕೆ. ತಲೆಯ ಮೇಲಿನ ಜಾಲರಿಯಿಂದ ಹೊರಡುವ ಭೋರೆಂಬ ಸದ್ದಿನಲ್ಲಿ ದೂರವಾಣಿಯ ಮಾತೂ ಸರಿಯಾಗಿ ಕೇಳದು. ನಿರ್ವಹಣಾ ಸಿಬ್ಬಂದಿ ಬಂದು ಥರ್ಮೋಸ್ಟಾಟನ್ನು ಒಂದೆರಡು ಡಿಗ್ರಿ ಅತ್ತಿತ್ತ ತಿರುಗಿಸಿ ಹೋಗುತ್ತಾರೆ. ದೂರು ಹಾಗೆಯೇ ಉಳಿಯುತ್ತದೆ.

ಇಂತಹ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಥರ್ಮೋಸ್ಟಾಟಿನಲ್ಲಿಲ್ಲ, ಕಟ್ಟಡದ ನಕ್ಷೆಯಲ್ಲಿದೆ. ಗಾಳಿ ಎಷ್ಟು ಬರಬೇಕು, ಯಾವ ದಾರಿಯಲ್ಲಿ ಬರಬೇಕು, ಎಷ್ಟು ವೇಗದಲ್ಲಿ ಬರಬೇಕು ಎಂಬ ಮೂರು ಪ್ರಶ್ನೆಗಳಿಗೆ ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಉತ್ತರ ಸಿಗಬೇಕು. ಮುಚ್ಚಿದ ನಂತರ ಅದನ್ನು ಸರಿಪಡಿಸುವುದು ದುಬಾರಿ; ಹಲವು ವೇಳೆ ಅಸಾಧ್ಯ.

ತಂಪು ಬೇರೆ, ತಾಜಾ ಗಾಳಿ ಬೇರೆ

ಹವಾನಿಯಂತ್ರಿತ ಕೋಣೆಗೆ ಬರುವ ಗಾಳಿಯೆಲ್ಲವೂ ಹೊರಗಿನಿಂದ ಬಂದದ್ದು ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದರ ದೊಡ್ಡ ಪಾಲು ಅದೇ ಕೋಣೆಯಿಂದ ಹೊರಟು, ತಂಪಾಗಿ, ಮತ್ತೆ ಒಳಬಂದ ಗಾಳಿ. ಅದಕ್ಕೆ ಬೆರೆಸುವ ಹೊರಗಾಳಿ ಸಣ್ಣ ಪಾಲು ಮಾತ್ರ. ಗೋಡೆಗೆ ತಗುಲಿಸುವ ಸಾಮಾನ್ಯ ಸ್ಪ್ಲಿಟ್ ಎಸಿಯಂತೂ ಹೊರಗಾಳಿಯನ್ನು ತರುವುದೇ ಇಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಆದ್ದರಿಂದ ಕೋಣೆ ತಣ್ಣಗಿದ್ದ ಮಾತ್ರಕ್ಕೆ ಅಲ್ಲಿನ ಗಾಳಿ ಉಸಿರಾಟಕ್ಕೆ ಯೋಗ್ಯವಾಗಿದೆ ಎನ್ನಲಾಗದು.

ಹೊರಗಾಳಿ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವೇ ಪಾಠ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿತಾಯದ ಒತ್ತಡ ಹೆಚ್ಚಿತು. ಅಲ್ಲಿನ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 1981ರಲ್ಲಿ ಹೊರಡಿಸಿದ ಮಾನದಂಡದಲ್ಲಿ, ಧೂಮಪಾನವಿಲ್ಲದ ಕಡೆ ಒಬ್ಬ ವ್ಯಕ್ತಿಗೆ ನಿಮಿಷಕ್ಕೆ 5 ಘನ ಅಡಿ, ಅಂದರೆ ಸೆಕೆಂಡಿಗೆ ಸುಮಾರು 2.5 ಲೀಟರ್ ಹೊರಗಾಳಿ ಸಾಕು ಎಂದಿತ್ತು. ತಲೆನೋವು, ಕಣ್ಣುರಿ, ಆಯಾಸದಂತಹ ದೂರುಗಳು ಅದೇ ಕಾಲಘಟ್ಟದಲ್ಲಿ ಮುಚ್ಚಿದ ಕಚೇರಿಗಳಿಂದ ಕೇಳಿಬರತೊಡಗಿದವು. ಕಟ್ಟಡದಿಂದ ಹೊರಬಂದೊಡನೆ ತಗ್ಗುವ ಈ ತೊಂದರೆಗಳಿಗೆ ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಎಂಬ ಹೆಸರೇ ಬಂತು. 1989ರ ಪರಿಷ್ಕರಣೆಯಲ್ಲಿ ಕಚೇರಿಗಳ ಪ್ರಮಾಣವನ್ನು ನಿಮಿಷಕ್ಕೆ 20 ಘನ ಅಡಿಗೆ ಏರಿಸಲಾಯಿತು.

ಎಷ್ಟು ಹೊರಗಾಳಿ ಬೇಕು?

ಈಗ ಬಳಕೆಯಲ್ಲಿರುವ ಆಶ್ರೇ 62.1 ಮಾನದಂಡ ಎರಡು ಲೆಕ್ಕಗಳನ್ನು ಕೂಡಿಸುತ್ತದೆ. ಒಂದು ಜನರಿಗಾಗಿ, ಇನ್ನೊಂದು ಬಣ್ಣ, ನೆಲಹಾಸು, ಪೀಠೋಪಕರಣಗಳಿಂದ ಹೊರಡುವ ವಾಸನೆ ಹಾಗೂ ರಾಸಾಯನಿಕಗಳಿಗಾಗಿ. ಕಚೇರಿಗಾದರೆ ತಲೆಗೆ ಸೆಕೆಂಡಿಗೆ 2.5 ಲೀಟರ್, ಜೊತೆಗೆ ಪ್ರತಿ ಚದರ ಮೀಟರಿಗೆ 0.3 ಲೀಟರ್. 600 ಚದರ ಮೀಟರ್ ವಿಸ್ತೀರ್ಣದಲ್ಲಿ 60 ಮಂದಿ ಕುಳಿತರೆ ಒಟ್ಟು 330 ಲೀಟರ್ ಆಗುತ್ತದೆ, ತಲೆಗೆ 5.5 ಲೀಟರ್. ಇದು ಕನಿಷ್ಠ ಪ್ರಮಾಣ ಎಂಬುದನ್ನು ಮರೆಯಬಾರದು. ಕೋವಿಡ್ ಕಾಲದಲ್ಲಿ, 2021ರ ಮಾರ್ಚ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮನೆ ಮತ್ತು ಆಸ್ಪತ್ರೆಗಳಲ್ಲದ ಕಟ್ಟಡಗಳಿಗೆ ತಲೆಗೆ ಸೆಕೆಂಡಿಗೆ 10 ಲೀಟರ್ ಶಿಫಾರಸು ಮಾಡಿತು. ಭಾರತದಲ್ಲಿ ಈ ವಿಷಯಗಳನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗ ವಿವರಿಸುತ್ತದೆ.

ಹೊರಗಾಳಿ ಸಾಕಷ್ಟು ಬರುತ್ತಿದೆಯೇ ಎಂದು ತಿಳಿಯಲು ಸುಲಭದ ಸಾಧನ ಇಂಗಾಲದ ಡೈಆಕ್ಸೈಡ್ ಮಾಪಕ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಭಾಗಕ್ಕಿಂತ ತುಸು ಹೆಚ್ಚಿದೆ. ಮೇಜಿನ ಮುಂದೆ ಕುಳಿತು ಕೆಲಸ ಮಾಡುವ ವ್ಯಕ್ತಿ ಸೆಕೆಂಡಿಗೆ ಸುಮಾರು 0.005 ಲೀಟರ್ ಹೊರಬಿಡುತ್ತಾನೆ. ತಲೆಗೆ 10 ಲೀಟರ್ ಹೊರಗಾಳಿ ಸಿಗುವ ಕೋಣೆಯಲ್ಲಿ ಮಾಪಕ ಕ್ರಮೇಣ 900ರ ಆಸುಪಾಸಿನಲ್ಲಿ ನಿಲ್ಲುತ್ತದೆ. 5 ಲೀಟರ್ ಮಾತ್ರ ಸಿಕ್ಕರೆ 1,400ಕ್ಕೆ ಏರುತ್ತದೆ. ಸಂಖ್ಯೆ 2,000 ದಾಟಿದರೆ ಹೊರಗಾಳಿಯ ಡ್ಯಾಂಪರನ್ನು ಯಾರೋ ಮುಚ್ಚಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ವಿದ್ಯುತ್ ಬಿಲ್ಲು ತಗ್ಗಿಸಲು ಮಾಡುವ ಈ ಉಪಾಯ ಕಣ್ಣಿಗೆ ಕಾಣದು. ಅದರ ಬೆಲೆಯನ್ನು ತೆರುವವರು ಒಳಗೆ ಕುಳಿತವರು.

ಹಿತ ಎಂದರೆ ಬರೀ ಉಷ್ಣಾಂಶವಲ್ಲ

ಡೆನ್ಮಾರ್ಕಿನ ವಿಜ್ಞಾನಿ ಓಲೆ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಅಡಿಗಲ್ಲು. ಗಾಳಿಯ ಉಷ್ಣಾಂಶ, ಸುತ್ತಲ ಗೋಡೆ-ಗಾಜುಗಳ ಶಾಖ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುವ ಕೆಲಸ ಈ ಆರೂ ಸೇರಿ ಹಿತವನ್ನು ನಿರ್ಧರಿಸುತ್ತವೆ ಎಂದು ಅವರು ಲೆಕ್ಕ ಸಹಿತ ತೋರಿಸಿದರು. ಎಲ್ಲವೂ ಅತ್ಯುತ್ತಮವಾಗಿದ್ದಾಗಲೂ ನೂರಕ್ಕೆ ಐದು ಮಂದಿಗೆ ಅತೃಪ್ತಿ ಇದ್ದೇ ಇರುತ್ತದೆ ಎಂಬುದು ಅವರದೇ ಲೆಕ್ಕಾಚಾರ. ದೇಹ ಉತ್ಪಾದಿಸುವ ಶಾಖದ ಹಳೆಯ ಅಂಕಿಗಳು ಪುರುಷರನ್ನು ಆಧರಿಸಿದ್ದರಿಂದ ಮಹಿಳೆಯರಿಗೆ ಕಚೇರಿ ಚಳಿಯೆನಿಸುತ್ತದೆ ಎಂಬುದನ್ನು 2015ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಎತ್ತಿ ಹೇಳಿತು.

ನಮ್ಮ ದೇಶದ ಜನ ಎಷ್ಟು ಸೆಕೆಗೆ ಒಗ್ಗಿದ್ದಾರೆ ಎಂಬುದನ್ನು ಅಳೆಯಲು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಬೇರೆ ಬೇರೆ ಹವಾಮಾನದ ನಗರಗಳ ಕಚೇರಿಗಳಲ್ಲಿ ಸಮೀಕ್ಷೆ ನಡೆಸಿತು. ಅಲ್ಲಿ ರೂಪುಗೊಂಡ ಮಾದರಿ 2016ರ ಸಂಹಿತೆಯಲ್ಲೂ ಸೇರಿದೆ. ಹೊರಗಿನ ಹವೆಗೆ ತಕ್ಕಂತೆ ಒಳಗಿನ ಹಿತದ ಮಟ್ಟವೂ ಬದಲಾಗುತ್ತದೆ, ವರ್ಷವಿಡೀ 22 ಡಿಗ್ರಿಗೆ ಅಂಟಿಕೊಳ್ಳಬೇಕಿಲ್ಲ ಎಂಬುದು ಅದರ ಸಾರ. ಇಂಧನ ದಕ್ಷತಾ ಬ್ಯೂರೋ ಕೂಡ 2020ರ ಜನವರಿಯಿಂದ ಸ್ಟಾರ್ ಗುರುತಿನ ಕೊಠಡಿ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗುವಂತಿರಬೇಕು ಎಂದು ವಿಧಿಸಿತು.

ಗಾಳಿ ಕೋಣೆಯಲ್ಲಿ ಹರಡುವ ಬಗೆ

ಛಾವಣಿಯ ಡಿಫ್ಯೂಸರಿನಿಂದ ಹೊರಡುವ ಗಾಳಿ ಸಾಮಾನ್ಯವಾಗಿ 12ರಿಂದ 14 ಡಿಗ್ರಿಯಷ್ಟು ತಣ್ಣಗಿರುತ್ತದೆ. ಅದು ನೇರವಾಗಿ ಮೈಮೇಲೆ ಬಿದ್ದರೆ ಚಳಿ ಖಚಿತ. ಹಾಗಾಗದಂತೆ ನೆರವಾಗುವುದು ‘ಕೊಆಂಡ ಪರಿಣಾಮ’. ಮೇಲ್ಮೈಗೆ ಸಮೀಪದಲ್ಲಿ ಚಿಮ್ಮುವ ಗಾಳಿ ಆ ಮೇಲ್ಮೈಗೇ ಅಂಟಿಕೊಂಡು ಸಾಗುತ್ತದೆ. ಹೀಗೆ ಛಾವಣಿಯ ಗುಂಟ ಹರಿಯುತ್ತ ಕೋಣೆಯ ಗಾಳಿಯನ್ನು ತನ್ನೊಳಗೆ ಸೆಳೆದುಕೊಂಡು ಬೆಚ್ಚಗಾಗಿ, ನಿಧಾನಗೊಂಡು, ಆನಂತರವಷ್ಟೇ ಜನ ಕುಳಿತಲ್ಲಿಗೆ ಇಳಿಯಬೇಕು. ಆ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 0.25 ಮೀಟರಿಗೆ ಇಳಿದಿರಬೇಕು ಎಂಬುದು ವಿನ್ಯಾಸಕಾರರ ರೂಢಿ.

ಡಿಫ್ಯೂಸರಿನ ಅಳತೆ ತಪ್ಪಿದರೆ ಎರಡು ಬಗೆಯ ತೊಂದರೆ. ಗಾಳಿಯ ವೇಗ ಹೆಚ್ಚಾದರೆ ಅದು ಎದುರಿನ ಗೋಡೆಗೋ ಪಕ್ಕದ ಡಿಫ್ಯೂಸರಿನ ಗಾಳಿಗೋ ಬಡಿದು ಕೆಳಗೆ ಕುಳಿತವರ ಮೇಲೆ ಬೀಳುತ್ತದೆ. ವೇಗ ತೀರಾ ಕಡಿಮೆಯಾದರೆ ಛಾವಣಿಯ ಆಸರೆ ತಪ್ಪಿ ತಣ್ಣನೆಯ ಗಾಳಿ ಡಿಫ್ಯೂಸರಿನಿಂದ ನೇರವಾಗಿ ಕೆಳಗೆ ಸುರಿಯುತ್ತದೆ. ಅಗತ್ಯಕ್ಕೆ ತಕ್ಕಂತೆ ಗಾಳಿಯ ಪ್ರಮಾಣ ಬದಲಿಸುವ ವಿಎವಿ ವ್ಯವಸ್ಥೆಯಲ್ಲಿ ಎರಡನೆಯ ತೊಂದರೆ ಸಾಮಾನ್ಯ. ಆದ್ದರಿಂದ ಡಿಫ್ಯೂಸರನ್ನು ಗರಿಷ್ಠ ಹರಿವಿಗೆ ಮಾತ್ರವಲ್ಲ, ಕನಿಷ್ಠ ಹರಿವಿಗೂ ಪರೀಕ್ಷಿಸಿ ಆರಿಸಬೇಕು. ತೊಲೆ, ದೀಪದ ಚೌಕಟ್ಟು ಅಡ್ಡಬಂದರೂ ಗಾಳಿ ಛಾವಣಿಯನ್ನು ಬಿಟ್ಟು ಕೆಳಗಿಳಿಯುತ್ತದೆ. ದೀಪದ ನಕ್ಷೆ ಮತ್ತು ಗಾಳಿಯ ನಕ್ಷೆ ಒಟ್ಟಿಗೆ ಸಿದ್ಧವಾಗಬೇಕು ಎನ್ನುವುದು ಇದಕ್ಕಾಗಿಯೇ.

ಸದ್ದು ಎಲ್ಲಿಂದ ಬರುತ್ತದೆ?

ಕೋಣೆಯ ಸದ್ದಿಗೆ ಮೂರು ಮೂಲಗಳು. ಮೊದಲನೆಯದು ಎಎಚ್‌ಯು ಕೊಠಡಿಯ ಬ್ಲೋವರ್. ಅದರ ಗುಡುಗು ಡಕ್ಟ್ ಎಂದು ಕರೆಯಲಾಗುವ ತಗಡಿನ ಕೊಳವೆಯೊಳಗಿಂದಲೂ ಕಟ್ಟಡದ ಚೌಕಟ್ಟಿನ ಮೂಲಕವೂ ಹಬ್ಬುತ್ತದೆ. ಕಂಪನ ತಡೆಯುವ ಸ್ಪ್ರಿಂಗ್‌ಗಳು, ಕ್ಯಾನ್ವಾಸ್ ಜೋಡಣೆ, ಒಳಲೇಪನವಿರುವ ಡಕ್ಟ್ ಇದಕ್ಕೆ ಪರಿಹಾರ. ಸಭಾ ಕೊಠಡಿಯ ಪಕ್ಕದಲ್ಲೇ ಎಎಚ್‌ಯು ಇರಿಸದಿರುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ.

ಎರಡನೆಯದು ಗಾಳಿಯೇ ಹುಟ್ಟಿಸುವ ಸದ್ದು. ತಿರುವು, ಡ್ಯಾಂಪರ್, ಜಾಲರಿಗಳಲ್ಲಿ ಹುಟ್ಟುವ ಇದು ವೇಗದ ಐದು-ಆರನೆಯ ಘಾತದಂತೆ ಏರುತ್ತದೆ; ವೇಗ ಇಮ್ಮಡಿಯಾದರೆ ಸದ್ದು 15ರಿಂದ 18 ಡೆಸಿಬೆಲ್ ಹೆಚ್ಚುತ್ತದೆ. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ಭಾಸವಾಗುತ್ತದೆ ಎಂಬುದನ್ನು ನೆನೆದರೆ ಇದರ ತೀವ್ರತೆ ಅರಿವಾದೀತು. ಡಿಫ್ಯೂಸರಿಗೆ ಗಾಳಿ ಒಯ್ಯುವ ಮೆತ್ತನೆಯ ಫ್ಲೆಕ್ಸಿಬಲ್ ಡಕ್ಟನ್ನು ಸೊಟ್ಟಗೆ ಎಳೆದು ಸಿಕ್ಕಿಸಿದರೆ ಅದೊಂದರಿಂದಲೇ 12ರಿಂದ 15 ಡೆಸಿಬೆಲ್ ಸೇರಿಕೊಳ್ಳಬಹುದು. ನಿಯಂತ್ರಣದ ಡ್ಯಾಂಪರ್ ಜಾಲರಿಯ ಬೆನ್ನಿಗೇ ಇದ್ದರೆ ಅದರ ಸಿಳ್ಳೆ ನೇರವಾಗಿ ಕೋಣೆಗೆ ಬರುತ್ತದೆ. ಅದು ಕವಲಿನ ಆರಂಭದಲ್ಲಿರಬೇಕು.

ಮೂರನೆಯದು ಪಕ್ಕದ ಕೋಣೆಯ ಮಾತು. ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಇದ್ದು ಮೇಲಿನ ಖಾಲಿ ಜಾಗವೇ ಮರಳುವ ಗಾಳಿಯ ದಾರಿಯಾಗಿದ್ದರೆ, ಒಂದು ಕೊಠಡಿಯ ಗುಟ್ಟು ಇನ್ನೊಂದರಲ್ಲಿ ಕೇಳಿಸುತ್ತದೆ.

ಹಿನ್ನೆಲೆ ಸದ್ದನ್ನು ಅಳೆಯಲು ಅಮೆರಿಕದ ಧ್ವನಿತಜ್ಞ ಲಿಯೊ ಬೆರಾನೆಕ್ 1957ರಲ್ಲಿ ರೂಪಿಸಿದ ಎನ್‌ಸಿ ರೇಖೆಗಳು ಇಂದಿಗೂ ಬಳಕೆಯಲ್ಲಿವೆ. ಸಭಾ ಕೊಠಡಿಗೆ ಎನ್‌ಸಿ 30, ತೆರೆದ ಕಚೇರಿಗೆ ಹೆಚ್ಚೆಂದರೆ 40 ಎಂಬುದು ಸಾಮಾನ್ಯ ಗುರಿ. ತೆರೆದ ಕಚೇರಿ ತೀರಾ ನಿಶ್ಶಬ್ದವಾದರೂ ಕಷ್ಟವೇ. ಆಗ ಹತ್ತು ಮೇಜುಗಳಾಚೆಯ ಮಾತೂ ಕಿವಿಗೆ ಬಿದ್ದು ಏಕಾಗ್ರತೆ ಕೆಡುತ್ತದೆ.

ಅಗಲವಾದ ದಾರಿಯ ಲೆಕ್ಕ

ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿಯನ್ನು 400 ಮಿಲಿಮೀಟರ್ ಅಗಲ, 250 ಮಿಲಿಮೀಟರ್ ಎತ್ತರದ ಡಕ್ಟಿನಲ್ಲಿ ಕಳುಹಿಸಿದರೆ ಅದರ ವೇಗ ಸೆಕೆಂಡಿಗೆ 10 ಮೀಟರ್. ಎತ್ತರವನ್ನು ಬದಲಿಸದೆ ಅಗಲವನ್ನು 800ಕ್ಕೆ ಏರಿಸಿದರೆ ವೇಗ ಅರ್ಧಕ್ಕಿಳಿಯುತ್ತದೆ. ಘರ್ಷಣೆಯಿಂದಾಗುವ ಒತ್ತಡದ ನಷ್ಟ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಗಡಿನ ಖರ್ಚು ಹೆಚ್ಚುವುದು ಶೇ 60ರಷ್ಟು; ಅದು ಒಂದೇ ಬಾರಿಯ ವೆಚ್ಚ. ಬ್ಲೋವರಿನ ವಿದ್ಯುತ್ ಉಳಿತಾಯವಾದರೋ ಕಟ್ಟಡ ಇರುವವರೆಗೂ ನಡೆಯುತ್ತದೆ.

ಬ್ಲೋವರಿನ ನಿಯಮವೂ ಇದನ್ನೇ ಹೇಳುತ್ತದೆ. ಅದರ ತಿರುಗುವ ವೇಗವನ್ನು ಶೇ 20ರಷ್ಟು ತಗ್ಗಿಸಿದರೆ ಗಾಳಿಯೂ ಶೇ 20ರಷ್ಟೇ ತಗ್ಗುತ್ತದೆ, ಆದರೆ ವಿದ್ಯುತ್ ಬಳಕೆ ಸುಮಾರು ಅರ್ಧಕ್ಕೆ ಬರುತ್ತದೆ. ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ನಿಶ್ಶಬ್ದ ಮತ್ತು ಉಳಿತಾಯ ಇಲ್ಲಿ ಒಂದೇ ದಾರಿಯ ಪಯಣಿಗರು.

ಕರ್ನಾಟಕದ ಹವೆ, ಕರ್ನಾಟಕದ ಲೆಕ್ಕ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 10ರಷ್ಟು ತೆಳು. ಅಷ್ಟೇ ತಂಪನ್ನು ಒಯ್ಯಲು ಅಷ್ಟರಮಟ್ಟಿಗೆ ಹೆಚ್ಚು ಗಾಳಿ ಬೇಕು. ಸಮುದ್ರ ಮಟ್ಟದ ಕೋಷ್ಟಕಗಳನ್ನು ಹಾಗೆಯೇ ಬಳಸಿದರೆ ಯಂತ್ರ ಸಣ್ಣದಾಗುತ್ತದೆ. ಇದಕ್ಕೆ ಪ್ರತಿಯಾಗಿ, ವರ್ಷದ ಹಲವು ತಿಂಗಳು ಇಲ್ಲಿನ ಮುಂಜಾನೆ, ಸಂಜೆಗಳ ಹೊರಗಾಳಿಯೇ ತಂಪಾಗಿರುವುದರಿಂದ ಅದನ್ನು ಶೋಧಿಸಿ ನೇರವಾಗಿ ಬಳಸುವ ಅವಕಾಶವಿದೆ.

ಮಂಗಳೂರಿನಲ್ಲಿ ಸಮಸ್ಯೆ ಶಾಖಕ್ಕಿಂತ ತೇವಾಂಶದ್ದು. ಅಲ್ಲಿ ಹೊರಗಾಳಿಯನ್ನು ಪ್ರತ್ಯೇಕ ಯಂತ್ರದಲ್ಲಿ ಒಣಗಿಸಿ ಕಳುಹಿಸದಿದ್ದರೆ ಡಿಫ್ಯೂಸರುಗಳಲ್ಲಿ ನೀರು ತೊಟ್ಟಿಕ್ಕುತ್ತದೆ, ಬೂಷ್ಟು ಹಿಡಿಯುತ್ತದೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ನೀರಾವಿಯಿಂದ ತಂಪು ಮಾಡುವ ವಿಧಾನ ಚೆನ್ನಾಗಿ ಫಲಿಸುತ್ತದೆ. ಮಂಗಳೂರಿನಲ್ಲಿ ಅದು ನಿಷ್ಪ್ರಯೋಜಕ.

ಬೆಂಗಳೂರು ಮೂಲದ ಇನ್ಫೋಸಿಸ್ ಹೈದರಾಬಾದಿನ ತನ್ನ ಆವರಣದಲ್ಲಿ ನಡೆಸಿದ ಪ್ರಯೋಗ ಗಮನಾರ್ಹ. 2011ರ ಸುಮಾರಿಗೆ ಅಲ್ಲಿ ಒಂದೇ ಕಟ್ಟಡದ ಅರ್ಧ ಭಾಗಕ್ಕೆ ಸಾಂಪ್ರದಾಯಿಕ ಹವಾನಿಯಂತ್ರಣ, ಉಳಿದರ್ಧಕ್ಕೆ ಕಾಂಕ್ರೀಟ್ ಛಾವಣಿಯೊಳಗಿನ ಕೊಳವೆಗಳಲ್ಲಿ ತಂಪು ನೀರು ಹರಿಸುವ ವಿಕಿರಣ ವ್ಯವಸ್ಥೆ ಅಳವಡಿಸಿ ಹೋಲಿಸಲಾಯಿತು. ವಿಕಿರಣ ಭಾಗದ ಹವಾನಿಯಂತ್ರಣ ಮೂರನೆಯ ಒಂದು ಪಾಲಿನಷ್ಟು ಕಡಿಮೆ ವಿದ್ಯುತ್ ಬಳಸಿತು. ತಂಪಿನ ಹೊರೆಯನ್ನು ನೀರು ಹೊತ್ತರೆ, ಗಾಳಿ ಉಸಿರಾಟಕ್ಕೆ ಬೇಕಾದಷ್ಟು ಮತ್ತು ತೇವ ನೀಗುವಷ್ಟು ಇದ್ದರೆ ಸಾಕು. ಗಾಳಿ ಕಡಿಮೆಯಾದಷ್ಟೂ ಸದ್ದೂ ಕಡಿಮೆ.

ಮೊದಲೇ ಕೇಳಬೇಕಾದ ಪ್ರಶ್ನೆಗಳು

ಕಚೇರಿ ಕಟ್ಟಿಸುವವರು, ಬಾಡಿಗೆಗೆ ಪಡೆಯುವವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಅಂಶಗಳನ್ನು ಬರಹದಲ್ಲಿ ಪಡೆಯುವುದು ಒಳಿತು:

* ತಲೆಗೆ ಎಷ್ಟು ಲೀಟರ್ ಹೊರಗಾಳಿ? ಎಷ್ಟು ಜನರನ್ನು ಎಣಿಸಿ ಈ ಲೆಕ್ಕ?
* ಹೊರಗಾಳಿಯನ್ನು ಎಲ್ಲಿಂದ ಎಳೆಯಲಾಗುತ್ತದೆ? ಜನರೇಟರ್ ಹೊಗೆ, ವಾಹನ ನಿಲುಗಡೆ, ಶೌಚಾಲಯದ ಹೊರದ್ವಾರ ಹತ್ತಿರವಿಲ್ಲವಷ್ಟೆ?
* ಯಾವ ದರ್ಜೆಯ ಫಿಲ್ಟರ್? ಕೋವಿಡ್ ನಂತರ ಮರ್ವ್ 13 ದರ್ಜೆ ಸಾಮಾನ್ಯ ಶಿಫಾರಸು. ಬ್ಲೋವರ್ ಅದರ ಒತ್ತಡವನ್ನು ತಾಳಬಲ್ಲದೇ?
* ಪ್ರತಿ ಕೊಠಡಿಗೆ ಒಪ್ಪಿದ ಎನ್‌ಸಿ ಮಟ್ಟ ಎಷ್ಟು? ಪೀಠೋಪಕರಣ ಬಂದ ಮೇಲೆ ಅಳೆದು ತೋರಿಸುವವರು ಯಾರು?
* ಪ್ರತಿ ಡಿಫ್ಯೂಸರಿನ ಹರಿವನ್ನು ಅಳೆದು ಸರಿಹೊಂದಿಸಿದ ವರದಿ ಸಿಗುವುದೇ?
* ಹೊಸ ಕ್ಯಾಬಿನ್ ಕಟ್ಟಿದಾಗ ಅದರೊಳಗೆ ಗಾಳಿ ಬರುವ ಮತ್ತು ಮರಳುವ ದಾರಿ ಎರಡೂ ಇವೆಯೇ?

ಕೊನೆಯ ಪ್ರಶ್ನೆ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು. ಹಾಲ್‌ಗೆಂದು ರೂಪಿಸಿದ ವ್ಯವಸ್ಥೆಯ ನಡುವೆ ಗಾಜಿನ ಗೋಡೆ ಎಬ್ಬಿಸಿ ಹನ್ನೆರಡು ಮಂದಿಯ ಸಭಾ ಕೊಠಡಿ ಮಾಡಿದರೆ, ಇಬ್ಬರಿಗೆಂದು ಇಟ್ಟ ಗಾಳಿಯನ್ನು ಹನ್ನೆರಡು ಮಂದಿ ಹಂಚಿಕೊಳ್ಳಬೇಕಾಗುತ್ತದೆ. ಸಭೆಯಲ್ಲಿ ತೂಕಡಿಸುವವರ ಸೋಮಾರಿತನವನ್ನು ದೂರುವ ಮುನ್ನ ಒಮ್ಮೆ ಇಂಗಾಲದ ಡೈಆಕ್ಸೈಡ್ ಮಾಪಕವನ್ನು ನೋಡುವುದು ನ್ಯಾಯ.