ಹೊಳೆಯ ಈಸು, ಕೊಳದ ಪದಕ

ಯಡೂರಿನ ಹೊಳೆದಂಡೆಯಲ್ಲೋ ಅಥಣಿ ಕಡೆಯ ತೋಟದ ಬಾವಿಯಲ್ಲೋ ಬೇಸಿಗೆಯ ಮಧ್ಯಾಹ್ನ ಹುಡುಗರು ನೀರಿಗೆ ಹಾರುವುದನ್ನು ಕಂಡವರಿಗೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಷ್ಟು ನೀರು, ಇಷ್ಟು ಈಜುಗಾರರು ಇರುವ ದೇಶಕ್ಕೆ ಏಷ್ಯನ್ ಕ್ರೀಡಾಕೂಟದ ಈಜು ಸ್ಪರ್ಧೆಯಲ್ಲಿ ಬಂದ ಚಿನ್ನದ ಪದಕ ಎಷ್ಟು? 1951ರಿಂದ 2023ರ ಹಾಂಗ್‌ಝೌ ಕೂಟದವರೆಗೆ ಲೆಕ್ಕ ಹಾಕಿದರೆ ಉತ್ತರ ಒಂದೇ ಒಂದು.

ಆ ಒಂದು ಚಿನ್ನ ಬಂದದ್ದು ಮೊಟ್ಟಮೊದಲ ಕೂಟದಲ್ಲಿ. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆದ ಕೂಟದಲ್ಲಿ ಸಚಿನ್ ನಾಗ್ 100 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 4.7 ಸೆಕೆಂಡಿನಲ್ಲಿ ಗೆದ್ದರು. ಡೈವಿಂಗ್‌ನ ಎರಡೂ ಚಿನ್ನ ಕೆ.ಪಿ. ಠಕ್ಕರ್ ಅವರ ಪಾಲಾಯಿತು. ವಾಟರ್ ಪೋಲೋದಲ್ಲೂ ಭಾರತವೇ ಗೆದ್ದಿತು. ಹೀಗೆ ಭಾರತ ಆ ಕೂಟದಲ್ಲಿ ಗಳಿಸಿದ 15 ಚಿನ್ನಗಳಲ್ಲಿ ನಾಲ್ಕು ನೀರಿನಿಂದಲೇ ಬಂದವು.

ಇಷ್ಟು ಕೇಳಿ ಹಿಗ್ಗುವ ಮೊದಲು ಇನ್ನೊಂದು ಮಾತನ್ನೂ ಹೇಳಬೇಕು. ಕೂಟದ ಒಟ್ಟು ಪದಕಪಟ್ಟಿಯಲ್ಲಿ ಮೊದಲ ಸ್ಥಾನ ಜಪಾನಿನದು. ಆದರೆ ಈಜಿನ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. 400, 800, 1500 ಮೀಟರ್ ಚಿನ್ನಗಳನ್ನು ಸಿಂಗಪುರದ ನಿಯೋ ಚ್ವೀ ಕಾಕ್ ಒಬ್ಬರೇ ಬಾಚಿಕೊಂಡರು. ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇದೇ 100 ಮೀಟರನ್ನು ಅಮೆರಿಕದ ಕ್ಲಾರ್ಕ್ ಸ್ಕೋಲ್ಸ್ 57.4 ಸೆಕೆಂಡಿನಲ್ಲಿ ಮುಗಿಸಿದರು. ಏಳು ಸೆಕೆಂಡಿನ ಅಂತರವೆಂದರೆ ಕೊಳದಲ್ಲಿ ಹತ್ತು ಮೀಟರಿಗೂ ಹೆಚ್ಚು. 1954ರ ಮನಿಲಾ ಕೂಟದಲ್ಲಿ ಜಪಾನಿನವರು ನೀರಿಗಿಳಿದದ್ದೇ ತಡ, ನಮ್ಮ ನಿಜವಾದ ಸ್ಥಾನ ಯಾವುದೆಂಬುದು ಗೊತ್ತಾಯಿತು. ನಾಗ್ ಅವರ ಗೆಲುವನ್ನು ಇದು ಕಿರಿದು ಮಾಡುವುದಿಲ್ಲ. ಎದುರಿಗೆ ಬಂದವರನ್ನು ಅವರು ಸೋಲಿಸಿದರು, ಅಷ್ಟೇ. ಆದರೂ ಸರ್ಕಾರಕ್ಕೆ ಅವರ ನೆನಪಾಗಲು 2020 ಬರಬೇಕಾಯಿತು. ಧ್ಯಾನ್‌ಚಂದ್ ಪ್ರಶಸ್ತಿ ಬಂದಾಗ ಅವರು ಬದುಕಿರಲಿಲ್ಲ.

ಆಮೇಲಿನ ದಶಕಗಳನ್ನು ಬೇಗ ದಾಟಬಹುದು. 1986ರಲ್ಲಿ ಸೋಲ್‌ನಲ್ಲಿ ಖಜಾನ್ ಸಿಂಗ್ 200 ಮೀಟರ್ ಬಟರ್‌ಫ್ಲೈ ಬೆಳ್ಳಿ ತಂದರು. ಅಲ್ಲಿಂದ ಮುಂದಿನ ಪದಕಕ್ಕೆ 24 ವರ್ಷ. ಆ ಬರವನ್ನು ನೀಗಿಸಿದ ಹುಡುಗ ನಮ್ಮ ಗಡಿಯಾಚೆಯವನು ಎಂಬುದು ಈ ಕಡೆಯ ಓದುಗರು ಗಮನಿಸಬೇಕಾದ ಸಂಗತಿ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಒಂದು ತಾಸಿನೊಳಗೆ ಸಿಗುವ ಕೊಲ್ಹಾಪುರದವರು ವೀರಧವಳ ಖಾಡೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ಅವರ ವಯಸ್ಸು ಹದಿನಾರು. 2010ರಲ್ಲಿ ಗುವಾಂಗ್‌ಝೌನಲ್ಲಿ 50 ಮೀಟರ್ ಬಟರ್‌ಫ್ಲೈಯನ್ನು 24.31 ಸೆಕೆಂಡಿನಲ್ಲಿ ಮುಗಿಸಿ ಕಂಚು ಪಡೆದರು.

ಪಂಚಗಂಗೆಯ ದಂಡೆಯ ಊರಿನ ಈ ಈಜುಗಾರ ಪಳಗಿದ್ದು ಮಾತ್ರ ಬೆಂಗಳೂರಿನಲ್ಲಿ, ನಿಹಾರ್ ಅಮೀನ್ ಅವರ ಕೈಕೆಳಗೆ. ನಿಪ್ಪಾಣಿಯನ್ನು ದಾಟಿಕೊಂಡೇ ದಕ್ಷಿಣಕ್ಕೆ ಹೋಗಬೇಕಾಯಿತೆನ್ನಿ. 2018ರ ಜಕಾರ್ತಾ ಕೂಟದ 50 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಖಾಡೆ 22.47 ಸೆಕೆಂಡು ತೆಗೆದುಕೊಂಡರು. ಕಂಚು ಗೆದ್ದವನದು 22.46. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕೈತಪ್ಪಿತು.

ಹೊಳೆಗೂ ಕೊಳಕ್ಕೂ ಇರುವ ವ್ಯತ್ಯಾಸವೆಲ್ಲ ಆ ನೂರನೇ ಒಂದು ಭಾಗದಲ್ಲಿದೆ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಈಜು ಎನ್ನುವುದಕ್ಕಿಂತ ‘ಈಸು’ ಎನ್ನುವುದೇ ರೂಢಿ. ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ, ಈಚೆಗೆ ಪ್ಲಾಸ್ಟಿಕ್ ಕ್ಯಾನನ್ನೋ ಬೆನ್ನಿಗೆ ಕಟ್ಟಿ ಅಪ್ಪನೋ ಕಾಕಾನೋ ಬಾವಿಗೆ ತಳ್ಳಿದರೆ ನಾಲ್ಕು ದಿನದಲ್ಲಿ ಹುಡುಗ ಈಸುತ್ತಾನೆ. ಇದು ಜೀವ ಉಳಿಸಿಕೊಳ್ಳುವ ವಿದ್ಯೆ. ಮಳೆಗಾಲದಲ್ಲಿ ಕಲ್ಲೋಳ–ಯಡೂರ ಸೇತುವೆ, ಕುಡಚಿ–ಉಗಾರ ಸೇತುವೆ ಮುಳುಗುವ ನಾಡಿನಲ್ಲಿ, 2005 ಮತ್ತು 2019ರ ಮಹಾಪೂರ ಕಂಡ ಜನರಿಗೆ ಇದರ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ತಲೆ ನೀರಿನ ಮೇಲಿರಬೇಕು, ದಂಡೆ ಕಣ್ಣಿಗೆ ಕಾಣುತ್ತಿರಬೇಕು, ಸೆಳವಿಗೆ ಎದುರು ಬೀಳದೆ ಓರೆಯಾಗಿ ಸಾಗಬೇಕು. ಕೃಷ್ಣೆಯಲ್ಲಿ ಮೊಸಳೆಯ ಮೇಲೂ ಕಣ್ಣಿಡಬೇಕು.

ಸ್ಪರ್ಧೆಯ ಕೊಳ ಇದರ ತದ್ವಿರುದ್ಧವನ್ನು ಕೇಳುತ್ತದೆ. ಅಲ್ಲಿ ತಲೆ ನೀರೊಳಗಿರಬೇಕು. ಹಾರಿದ ಮೇಲೆ ಮೊದಲ 15 ಮೀಟರಿನವರೆಗೆ ನೀರಿನಡಿಯಲ್ಲೇ ಸಾಗಬಹುದು, ಅದರಾಚೆ ತಲೆ ಮೇಲೆ ಬರದಿದ್ದರೆ ಅನರ್ಹ. ಬಟರ್‌ಫ್ಲೈಯಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಹರಿಯುವ ನೀರಿನಲ್ಲಿ ಗಡಿಯಾರಕ್ಕೆ ಅರ್ಥವಿಲ್ಲ, ನಿಂತ ನೀರಿನಲ್ಲಿ ಗಡಿಯಾರವೇ ಎಲ್ಲ. ಬಾವಿಯಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಮರೆತ ಮೇಲೆಯೇ ಕೊಳದ ಪಾಠ ಶುರುವಾಗುತ್ತದೆ.

ಡೈವಿಂಗ್ ಕಥೆಯೂ ಇಂಥದೇ. ಬಾವಿಯ ಕಟ್ಟೆಯಿಂದ ಲಾಗ ಹಾಕಿ ಹಾರುವ ಧೈರ್ಯ ನಮ್ಮ ಹುಡುಗರಿಗೆ ಬೇಕಾದಷ್ಟು ಉಂಟು. ಆದರೆ 3 ಮೀಟರಿನ ಪುಟಿಯುವ ಹಲಗೆ, 10 ಮೀಟರಿನ ಅಟ್ಟ, ಅದಕ್ಕೆ ತಕ್ಕಷ್ಟು ಆಳದ ಕೊಳ ಎಲ್ಲಿವೆ? ಠಕ್ಕರ್ ನಂತರ ಏಷ್ಯನ್ ಕೂಟದ ಡೈವಿಂಗ್ ಚಿನ್ನ ಭಾರತಕ್ಕೆ ಬಂದೇ ಇಲ್ಲ.

ಈಜಿನಲ್ಲಿ ಕರ್ನಾಟಕದ ಹೆಸರು ಸಣ್ಣದಲ್ಲ. 2000ದ ಸಿಡ್ನಿಗೆ ನಿಶಾ ಮಿಲೆಟ್ ಹೋದರು. ಶ್ರೀಹರಿ ನಟರಾಜ್ ಟೋಕಿಯೋ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದರು, 2025ರಲ್ಲಿ ಅಹಮದಾಬಾದಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಮತ್ತು 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿ ಗೆದ್ದರು. ಹದಿನಾಲ್ಕರ ಧಿನಿಧಿ ದೇಸಿಂಗು 2024ರ ಪ್ಯಾರಿಸ್‌ಗೆ ಹೋದ ಭಾರತ ತಂಡದಲ್ಲೇ ಕಿರಿಯಳು. ಈ ಮೂವರೂ ಬೆಂಗಳೂರಿನ ಕೊಳಗಳಲ್ಲಿ ಬೆಳೆದವರು. ಅಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ಈ ಐದು ತಾಲ್ಲೂಕುಗಳ ಒಂದು ಹೆಸರೂ ಈ ಸಾಲಿನಲ್ಲಿ ಇಲ್ಲ.

ಜಿಲ್ಲೆಗೆ ದೊಡ್ಡ ಕೊಳವೇ ಇಲ್ಲವೆಂದಲ್ಲ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಒಲಿಂಪಿಕ್ ಅಳತೆಯ ಈಜುಕೊಳವಿದೆ. ಆದರೆ ಸ್ಪರ್ಧೆಯ ಈಜುಗಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರಿಗಿಳಿಯಬೇಕು. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬೆಳಗಿನ ಐದಕ್ಕೆ ಆ ಕೊಳದಲ್ಲಿರಬೇಕಾದ ಹುಡುಗ ಹಿಂದಿನ ರಾತ್ರಿಯೇ ಬಸ್ಸು ಹತ್ತಬೇಕು.