ಮುದಿ ಕಮ್ಮಾರನ ಬೆಳ್ಳಿ

ನವಾಹೋ ಭಾಷೆಯಲ್ಲಿ ಬೆಳ್ಳಿಗೆ ‘ಬೇಶ್ ಲಿಗಾಯ್’ ಎನ್ನುತ್ತಾರೆ: ಬಿಳಿಯ ಲೋಹ. ಕನ್ನಡದ ಬೆಳ್ಳಿಯೂ ‘ಬೆಳ್’ ಎಂಬ ಬಿಳುಪಿನ ಮೂಲದಿಂದಲೇ ಬಂದದ್ದು. ಸಂಬಂಧವೇ ಇಲ್ಲದ ಎರಡು ಭಾಷೆಗಳಿಗೆ ಮೊದಲು ಕಂಡದ್ದು ಒಂದೇ ಗುಣ. ಆದರೆ ‘ಬೇಶ್’ ಪದದ ಹಳೆಯ ಅರ್ಥ ಚಕಮಕಿ ಕಲ್ಲು. ಲೋಹ ತಡವಾಗಿ ಬಂತು, ಕಲ್ಲಿನ ಹೆಸರನ್ನೇ ತೊಟ್ಟುಕೊಂಡಿತು.

ಅಮೆರಿಕದ ನೈಋತ್ಯ ಭಾಗದ ಈ ಜನರಲ್ಲಿ ಬೆಳ್ಳಿ ಕೆಲಸ ಕಲಿತ ಮೊದಲಿಗನೆಂದು ಹಿರಿಯರು ನೆನೆಯುವುದು ಅಟ್ಸಿಡಿ ಸಾನಿಯನ್ನು. ಹುಟ್ಟಿದ್ದು 1830ರ ಆಸುಪಾಸು. ಅಟ್ಸಿಡಿ ಎಂದರೆ ಬಡಿಯುವವನು, ಸಾನಿ ಎಂದರೆ ಮುದುಕ. ಮೆಕ್ಸಿಕನ್ನರು ಕರೆದದ್ದೂ ‘ಎರ್ರೇರೊ’ ಎಂದೇ, ಅಂದರೆ ಕಮ್ಮಾರ. ಕಸುಬೇ ಆತನ ಹೆಸರನ್ನು ನುಂಗಿಹಾಕಿತ್ತು.

ಆತನ ಕಣ್ಣು ಮೊದಲು ಬಿದ್ದದ್ದು ಕಬ್ಬಿಣದ ಮೇಲೆ. ನವಾಹೋಗಳು ಕುದುರೆಯ ಕಡಿವಾಣವನ್ನು ಮೆಕ್ಸಿಕನ್ನರಿಂದ ಕೊಳ್ಳುತ್ತಿದ್ದರು; ತಾನೇ ಮಾಡಿ ಮಾರಿದರೆ ನಾಲ್ಕು ಕಾಸು ಸಿಕ್ಕೀತೆಂಬ ಲೆಕ್ಕ. ‘ಸಣಕಲು ಮೆಕ್ಸಿಕನ್’ ಎಂಬ ಅಡ್ಡಹೆಸರಿನ ಕಮ್ಮಾರನ ಬಳಿ ಕೆಲಸ ಕಲಿತ.

1864ರಲ್ಲಿ ಅಮೆರಿಕದ ಸೇನೆ ಜೋಳದ ಹೊಲಗಳನ್ನು ಸುಟ್ಟು, ಪೀಚ್ ತೋಟಗಳನ್ನು ಕಡಿದು, ಸಾವಿರಾರು ನವಾಹೋಗಳನ್ನು 480 ಕಿಲೋಮೀಟರಿಗೂ ಹೆಚ್ಚು ದೂರ ನಡೆಸಿಕೊಂಡು ಹೋಗಿ ಬಾಸ್ಕ್ ರೆಡೊಂಡೊದಲ್ಲಿ ಕೂಡಿಹಾಕಿತು. ಅಲ್ಲಿ ನೀರು ಉಪ್ಪು, ಬೆಳೆ ಕೈಗೆ ಹತ್ತಲಿಲ್ಲ. ಪಡಿತರಕ್ಕೆ ಕೊಟ್ಟ ಲೋಹದ ಬಿಲ್ಲೆಗಳನ್ನು ನವಾಹೋ ಕಮ್ಮಾರರು ತಾವೇ ನಕಲು ಹೊಡೆದರು. ಹಸಿದವರ ಈ ಕೈಚಳಕವನ್ನು ಕಳ್ಳತನವೆನ್ನಲು ಮನಸ್ಸಾಗದು.

1868ರ ಜೂನ್ 1ರ ಒಪ್ಪಂದದ ನಂತರ ಜನ ಊರಿಗೆ ಮರಳಿದರು. ಆತ ಬೆಳ್ಳಿ ಕಲಿತದ್ದು ಸೆರೆಗೆ ಮುಂಚೆಯೋ ಆಮೇಲೋ ಎಂಬ ತಕರಾರು ವಿದ್ವಾಂಸರಲ್ಲಿದೆ. ಆಮೇಲೆ ಎಂದು ಗ್ರೇ ಮುಸ್ಟಾಶ್ ಎಂಬ ವೃದ್ಧ ಅಕ್ಕಸಾಲಿಗ ಜಾನ್ ಅಡೇರ್‌ಗೆ ಹೇಳಿದ್ದ. 1944ರ ಅಡೇರ್ ಪುಸ್ತಕದಲ್ಲಿ ಅದು ದಾಖಲಾಗಿದೆ. ನಂಬಲು ಅಡ್ಡಿಯಿಲ್ಲ: ಬೆಳ್ಳಿಯ ಒಡವೆಗಳು ಹೇರಳವಾದದ್ದು ಆ ವರ್ಷಗಳಲ್ಲೇ.

ಕಚ್ಚಾವಸ್ತು ನಾಣ್ಯ. ಅಮೆರಿಕದ ಡಾಲರನ್ನೋ ಮೆಕ್ಸಿಕೋದ ಪೆಸೊವನ್ನೋ ಮಣ್ಣಿನ ಮೂಸೆಯಲ್ಲಿ ಕರಗಿಸಿ, ಕಲ್ಲಿನ ಅಚ್ಚಿಗೆ ಸುರಿದು, ಬಡಿದು ತಗಡು ಮಾಡುತ್ತಿದ್ದರು. 1880ರ ದಶಕದಲ್ಲಿ ನವಾಹೋ ಅಕ್ಕಸಾಲಿಗರ ಬಗ್ಗೆ ಬರೆದ ಸೇನಾ ವೈದ್ಯ ವಾಷಿಂಗ್ಟನ್ ಮ್ಯಾಥ್ಯೂಸ್ ಆಡಿನ ಚರ್ಮದ ತಿದಿಯನ್ನೂ, ಸಿಕ್ಕ ಕಬ್ಬಿಣದ ತುಂಡನ್ನೇ ಅಡಿಗಲ್ಲು ಮಾಡಿಕೊಂಡದ್ದನ್ನೂ ಬಣ್ಣಿಸಿದ್ದಾನೆ. ನೀಲಿ ಟರ್ಕಾಯ್ಸ್ ಕಲ್ಲು ಕೂರಿಸುವ ರೂಢಿ ಬರುವ ಮುಂಚೆ ಒಡವೆಯ ಅಂದವೆಲ್ಲ ಏಟಿನಲ್ಲೇ ಇತ್ತು.

ಅಟ್ಸಿಡಿ ಸಾನಿ ವಿದ್ಯೆಯನ್ನು ಮುಚ್ಚಿಡಲಿಲ್ಲ. ನಾಲ್ವರು ಗಂಡುಮಕ್ಕಳಿಗೆ ಕಲಿಸಿದ, ಅವರಿಂದ ಬೇರೆಯವರಿಗೆ ಹೋಯಿತು. ಒಡವೆಯ ಮೇಲೆ ಕುಶಲಕರ್ಮಿಯ ಗುರುತು ಒತ್ತುವ ಪದ್ಧತಿ ಅಂದು ಇರಲಿಲ್ಲ. ಹಾಗಾಗಿ ಆ ಕಾಲದ ಹಳೆಯ ಬಳೆಗಳ ಕೆಳಗೆ ಸಂಗ್ರಹಾಲಯಗಳು ಬರೆಯುವುದು ‘ನವಾಹೋ’ ಎಂದಷ್ಟೇ.